ಮೊದಲ ಹೆಪ್ಪು: ಗಣಕಯಂತ್ರ ಎಚ್ಚರಗೊಳ್ಳುವ ಕಥೆ

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಹೆಪ್ಪೆಂದರೆ ನಿನ್ನೆಯ ಮೊಸರು. ನಿನ್ನೆಯ ಮೊಸರಿಗೆ ಮೊನ್ನೆಯ ಮೊಸರು. ಹೀಗೆ ಹಿಂದಕ್ಕೆ ಹೋಗುತ್ತ ಹೋದರೆ, ಎಲ್ಲಕ್ಕಿಂತ ಮೊದಲಿನ ಹೆಪ್ಪು ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಪ್ರೌಢಶಾಲೆಯ ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ಹುಡುಗನೋ ಹುಡುಗಿಯೋ ಇದನ್ನು ಕೇಳದೆ ಬಿಡುತ್ತಿರಲಿಲ್ಲ. ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಕೆರೆಯ ದಂಡೆಯ ಮೇಲೆ ಕುಳಿತಿರುವ ಪಂಪಿನ ಕಥೆಯೂ ಇದೇ. ನೀರೆತ್ತುವ ಆ ಯಂತ್ರಕ್ಕೆ ಮೊದಲು ನಾವೇ ಒಂದು ಕೊಡ ನೀರು ಹೊಯ್ಯಬೇಕು. ಇಲ್ಲವಾದರೆ ಅದು ಬರಿದೆ ತಿರುಗೀತೇ ಹೊರತು ಒಂದು ಹನಿಯನ್ನೂ ಎತ್ತಲಾರದು.

ಗಣಕಯಂತ್ರದ್ದೂ ಇಂಥದೇ ಒಂದು ಸಂಕಟ. ಅದು ಯಾವ ಕೆಲಸ ಮಾಡಬೇಕಾದರೂ ಅದರ ಸ್ಮೃತಿಯಲ್ಲಿ ಒಂದು ಆದೇಶಮಾಲೆ, ಎಂದರೆ ಪ್ರೋಗ್ರಾಂ, ಇರಬೇಕು. ಆ ಪ್ರೋಗ್ರಾಮನ್ನು ಡಿಸ್ಕಿನಿಂದ ಸ್ಮೃತಿಗೆ ತರುವುದೂ ಒಂದು ಕೆಲಸವೇ. ಅದಕ್ಕೂ ಒಂದು ಪ್ರೋಗ್ರಾಂ ಬೇಕು. ವಿದ್ಯುತ್ ಹಾಯಿಸಿದ ಮರುಕ್ಷಣ ಸ್ಮೃತಿ ಖಾಲಿಯಿರುವಾಗ ಅದನ್ನು ತರುವವರು ಯಾರು? ತನ್ನ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲೆತ್ತಿಕೊಂಡವನ ಕುರಿತು ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ. ಗಣಕಯಂತ್ರವು ಎಚ್ಚರಗೊಳ್ಳುವ ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದದ್ದು ಅದರಿಂದ. ಆ ಕ್ರಿಯೆಯ ಚರಿತ್ರೆಯನ್ನೂ, ತಮ್ಮ ಕಾರ್ಯಾಚರಣ ವ್ಯವಸ್ಥೆಯನ್ನು ತಾವೇ ಕಟ್ಟಿಕೊಳ್ಳಲು ಹೊರಟವರು ಅದು ಏಳದೆ ಹೋದಾಗ ದೋಷವನ್ನು ಹುಡುಕಿದ ಬಗೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ಎಂಜಿನಿಯರನಲ್ಲ. ಮಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ವಿಜ್ಞಾನಗಳನ್ನು ಕಲಿಸಿ ನಿವೃತ್ತನಾದವನು. ಆದರೆ ಬಿ.ಎಡ್. ತರಗತಿಯಲ್ಲಿ ನಮಗೆ ‘ನೈದಾನಿಕ ಪರೀಕ್ಷೆ’ ಎಂಬ ಒಂದು ವಿಷಯವಿತ್ತು. ವಿದ್ಯಾರ್ಥಿಗೆ ಎಷ್ಟು ಅಂಕ ಬಂತೆಂದು ನೋಡುವುದಲ್ಲ, ಅವನು ಯಾವ ಮೆಟ್ಟಿಲಲ್ಲಿ ಎಡವಿದನೆಂದು ಕಂಡುಹಿಡಿಯುವ ಪರೀಕ್ಷೆ ಅದು. ಅದರ ಬಳಿಕ ‘ಪರಿಹಾರ ಬೋಧನೆ’. ಏಳದ ಗಣಕಯಂತ್ರದ ಮುಂದೆ ಕುಳಿತು ದೋಷ ಹುಡುಕುವವರನ್ನು ಕಂಡಾಗ ನನಗೆ ಆ ಪಾಠವೇ ನೆನಪಾಗುತ್ತಿತ್ತು. ಈ ಲೇಖನಕ್ಕೆ ನನಗಿರುವ ಅರ್ಹತೆ ಅಷ್ಟೇ.

ಆರಂಭದ ಯಂತ್ರಗಳಲ್ಲಿ ಮೊದಲ ಹೆಪ್ಪನ್ನು ಹಾಕುತ್ತಿದ್ದವನು ಮನುಷ್ಯನೇ. 1952ರ ಐಬಿಎಂ 701 ಯಂತ್ರದಲ್ಲಿ ‘ಲೋಡ್’ ಎಂಬ ಗುಂಡಿಯೊಂದಿತ್ತು. ಅದನ್ನೊತ್ತಿದರೆ ಯಂತ್ರವು ರಂಧ್ರಪತ್ರದಿಂದಲೋ ಟೇಪಿನಿಂದಲೋ ಮೊದಲ ಆದೇಶವನ್ನು ಓದಿಕೊಳ್ಳುತ್ತಿತ್ತು. ಆ ಆದೇಶವು ಮುಂದಿನದನ್ನು ಎಳೆದುತರುತ್ತಿತ್ತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಸ್ವತಃ ವಿನ್ಯಾಸ ಮಾಡಿ ಕಟ್ಟಿದ ‘ಟಿಫ್ರಾಕ್’ ಯಂತ್ರ 1960ರಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಆದೇಶಗಳನ್ನು ಉಣಿಸುತ್ತಿದ್ದದ್ದು ರಂಧ್ರ ಕೊರೆದ ಕಾಗದದ ಪಟ್ಟಿಯ ಮೂಲಕ. 1975ರಲ್ಲಿ ಬಂದ ‘ಆಲ್ಟೇರ್ 8800’ ಎಂಬ ಪುಟ್ಟ ಯಂತ್ರದ ಮುಖದ ಮೇಲೆ ಸಾಲಾಗಿ ಸ್ವಿಚ್ಚುಗಳಿದ್ದವು. ಪ್ರತಿಸಲ ವಿದ್ಯುತ್ ಹಾಯಿಸಿದಾಗಲೂ ಅದರ ಒಡೆಯನು ಆ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಒಂದೊಂದೇ ಬೈಟನ್ನು ಕೈಯಾರೆ ಒಳಗೆ ತುಂಬಬೇಕಾಗಿತ್ತು. ಒಂದೇ ಒಂದು ಸ್ವಿಚ್ಚು ತಪ್ಪಿದರೂ ಯಂತ್ರ ಮೂಕ. ಕಷ್ಟವೇನೋ ಹೌದು. ಆದರೆ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಳಗೆ ಹೋದದ್ದೇನೆಂಬುದು ಒಡೆಯನಿಗೆ ಗೊತ್ತಿರುತ್ತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

1981ರ ಆಗಸ್ಟಿನಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಬಂತು. ಅದರಲ್ಲಿ ಮೊದಲ ಹೆಪ್ಪನ್ನು ಅಳಿಯದ ಚಿಪ್ಪೊಂದರಲ್ಲಿ ಕಾರ್ಖಾನೆಯಲ್ಲಿಯೇ ಬರೆದಿಟ್ಟಿದ್ದರು. ‘ಬಯಾಸ್’ ಎಂದು ಅದರ ಹೆಸರು. ವಿದ್ಯುತ್ ಬಂದೊಡನೆ ಅದು ಮೊದಲು ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಒಮ್ಮೆ ‘ಬೀಪ್’ ಎನ್ನುತ್ತದೆ. ಅನಂತರ ಡಿಸ್ಕಿನ ಮೊಟ್ಟಮೊದಲ ತುಣುಕನ್ನು, ಎಂದರೆ 512 ಬೈಟುಗಳನ್ನು, ಸ್ಮೃತಿಗೆ ತಂದು ಅದರ ಕೈಗೆ ಅಧಿಕಾರ ಒಪ್ಪಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಈ 512ರೊಳಗೆ 64 ಬೈಟುಗಳು ಡಿಸ್ಕಿನ ವಿಭಜನೆಯ ಪಟ್ಟಿಗೆ ಮೀಸಲು. ಕೊನೆಯ ಎರಡು, ‘ಇದು ಅಧಿಕೃತ’ ಎಂದು ಸಾರುವ ಮುದ್ರೆ. ಉಳಿದದ್ದು 446. ಇಂದು ಅಂತರ್ಜಾಲದಲ್ಲಿ ಬಳಕೆಯಲ್ಲಿರುವ ಯುನಿಕೋಡ್ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಮೂರು ಬೈಟು ಬೇಕು. ಆ ಲೆಕ್ಕದಲ್ಲಿ 446 ಬೈಟೆಂದರೆ ನೂರೈವತ್ತಕ್ಕಿಂತ ಕಡಿಮೆ ಚಿಹ್ನೆಗಳು. ಈ ಬರಹದ ಎರಡು ಸಾಲೂ ಅದರಲ್ಲಿ ಹಿಡಿಯುವುದು ಕಷ್ಟ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಕುಳಿತ ಪುಟ್ಟ ಪ್ರೋಗ್ರಾಮು ಇಡೀ ವ್ಯವಸ್ಥೆಯನ್ನು ಎಬ್ಬಿಸಬೇಕು. ಆದ್ದರಿಂದಲೇ ಅದು ಒಮ್ಮೆಗೇ ಎಲ್ಲವನ್ನೂ ಮಾಡದೆ, ತನಗಿಂತ ದೊಡ್ಡದೊಂದನ್ನು ಕರೆಯುತ್ತದೆ. ಆ ದೊಡ್ಡದು ಇನ್ನೂ ದೊಡ್ಡದನ್ನು ಕರೆಯುತ್ತದೆ.

ಈ ಕ್ರಮ ತುಳುನಾಡಿನವರಿಗೆ ಹೊಸದೇನಲ್ಲ. ನಮ್ಮ ಯಕ್ಷಗಾನದ ಆಟವು ಪ್ರಸಂಗದಿಂದ ಆರಂಭವಾಗುವುದಿಲ್ಲ. ಮೊದಲು ಕೇಳಿ ಹೊಡೆಯುತ್ತಾರೆ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗುತ್ತದೆ. ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷಗಳು ಬಂದುಹೋಗುತ್ತವೆ. ಆಮೇಲೆ ಒಡ್ಡೋಲಗ, ಆಮೇಲೆ ಪ್ರಸಂಗ. ಹಳೆಯ ಕಾಲದ ಪ್ರೇಕ್ಷಕರು ಎರಡು ಗದ್ದೆಯಾಚೆ ಮನೆಯ ಜಗಲಿಯಲ್ಲಿ ಕುಳಿತು, ಬರಿಯ ಚೆಂಡೆಯ ಸದ್ದಿನಿಂದಲೇ ಆಟ ಎಲ್ಲಿಗೆ ತಲುಪಿದೆಯೆಂದು ಹೇಳಬಲ್ಲವರಾಗಿದ್ದರು. ಗಣಕಯಂತ್ರದಲ್ಲಿ ಬಯಾಸಿನ ಸ್ವಪರೀಕ್ಷೆ, ಬೂಟ್‌ಲೋಡರ್, ಕರ್ನೆಲ್ ಎಂಬ ತಿರುಳು, ತಿರುಳು ಎಬ್ಬಿಸುವ ‘ಇನಿಟ್’ ಎಂಬ ಮೊದಲ ಪ್ರಕ್ರಿಯೆ, ಕೊನೆಗೆ ನಾವು ಬಳಸುವ ಪ್ರೋಗ್ರಾಮುಗಳು, ಹೀಗೆ ಅನುಕ್ರಮ. ಏಳದ ಯಂತ್ರದ ವೈದ್ಯನು ಮಾಡುವುದೂ ಆ ಪ್ರೇಕ್ಷಕನ ಕೆಲಸವೇ. ಆಟ ಯಾವ ಹಂತದವರೆಗೆ ಬಂದು ನಿಂತಿದೆಯೆಂದು ಗುರುತಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ.

ಈಗ ‘ತಾವೇ ಕಟ್ಟಿಕೊಂಡವರ’ ವಿಷಯಕ್ಕೆ ಬರೋಣ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವೆನೆಂದು ಲೋಕಕ್ಕೆ ತಿಳಿಸಿದ. ಅದೇ ಸೆಪ್ಟೆಂಬರಿನಲ್ಲಿ ಸಿದ್ಧವಾದ ಅದರ 0.01ನೆಯ ಆವೃತ್ತಿ ಸುಮಾರು ಹತ್ತು ಸಾವಿರ ಸಾಲುಗಳದ್ದು. ಅದನ್ನು ಕಂಪೈಲ್ ಮಾಡಲು, ಎಂದರೆ ಮನುಷ್ಯರು ಬರೆದ ಸಾಲುಗಳನ್ನು ಯಂತ್ರದ ಭಾಷೆಗೆ ಇಳಿಸಲು, ‘ಮಿನಿಕ್ಸ್’ ಎಂಬ ಇನ್ನೊಂದು ವ್ಯವಸ್ಥೆ ಬೇಕಾಗಿತ್ತು. ಹೆಪ್ಪು ಪಕ್ಕದ ಮನೆಯದು! ಆ ವರ್ಷದ ಡಿಸೆಂಬರಿನಲ್ಲಿ ಬಂದ 0.11ನೆಯ ಆವೃತ್ತಿಯೇ ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳಬಲ್ಲ ಮೊದಲನೆಯದು. ಇದರ ನಡುವೆ ಒಂದು ಸ್ವಾರಸ್ಯದ ಅವಘಡವನ್ನು ಟೋರ್ವಾಲ್ಡ್ಸ್ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಮೋಡೆಮಿಗೆ ಹೋಗಬೇಕಾಗಿದ್ದ ದೂರವಾಣಿ ಆದೇಶವು ಅಕಸ್ಮಾತ್ತಾಗಿ ಹಾರ್ಡ್ ಡಿಸ್ಕಿಗೆ ಹೋಗಿ, ಮಿನಿಕ್ಸ್ ಇದ್ದ ಭಾಗ ಕೆಟ್ಟುಹೋಯಿತು. ಅದನ್ನು ಮತ್ತೆ ಸ್ಥಾಪಿಸುವ ಬದಲು, ತನ್ನದನ್ನೇ ಪೂರ್ಣಗೊಳಿಸುವುದು ಮೇಲೆಂದು ಅವನು ನಿಶ್ಚಯಿಸಿದ. 1994ರ ಮಾರ್ಚಿನಲ್ಲಿ 1.0ನೆಯ ಆವೃತ್ತಿ ಹೊರಬಂದಾಗ ಅದು ಒಂದೂಮುಕ್ಕಾಲು ಲಕ್ಷ ಸಾಲುಗಳಿಗೆ ಬೆಳೆದಿತ್ತು.

ನಮ್ಮ ದೇಶದ ಸಾಮಾನ್ಯ ಆಸಕ್ತರ ಕೈಗೆ ಲಿನಕ್ಸ್ ತಲುಪಿದ್ದು ಮುಖ್ಯವಾಗಿ ಪತ್ರಿಕೆಯ ಮೂಲಕ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಮಾಸಪತ್ರಿಕೆಯು, ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಮುತುವರ್ಜಿಯಿಂದ, ಲಿನಕ್ಸಿನ ಸೀಡಿಯನ್ನು ಸಂಚಿಕೆಯೊಂದಿಗೆ ಓದುಗರಿಗೆ ಕೊಟ್ಟಿತು. ಮುಂದಿನ ವರ್ಷಗಳಲ್ಲಿಯೂ ಅದು ಮುಂದುವರಿಯಿತು. ಅಂತರ್ಜಾಲದ ಸಂಪರ್ಕವು ದೂರವಾಣಿ ತಂತಿಯ ಮೇಲೆ ಕುಂಟುತ್ತಿದ್ದ ಕಾಲದಲ್ಲಿ ಆ ಸೀಡಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಸುರತ್ಕಲ್ಲಿನ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ (2002ರಿಂದ ಅದು ಎನ್‌ಐಟಿಕೆ) ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಂಥ ಸೀಡಿಯೊಂದನ್ನು ಹಿಡಿದು ನಮ್ಮ ಶಾಲೆಗೆ ಬಂದಿದ್ದ. 1999ರ ಮಳೆಗಾಲ. ಯಾರೋ ದಾನವಿತ್ತ ಹಳೆಯ ಪೆಂಟಿಯಂ ಯಂತ್ರವೊಂದು ನಮ್ಮ ಪ್ರಯೋಗಾಲಯದ ಮೂಲೆಯಲ್ಲಿ, ತೂಕದ ಪೆಟ್ಟಿಗೆಗಳ ಪಕ್ಕದಲ್ಲಿ, ಬಟ್ಟೆ ಹೊದ್ದು ಮಲಗಿತ್ತು. ಅದರ ಸ್ಮೃತಿ ಅಲ್ಪ; ಸೀಡಿಯಲ್ಲಿದ್ದ ಸಿದ್ಧ ಕರ್ನೆಲ್ ಅದಕ್ಕೆ ಭಾರ. ಬೇಡದ್ದನ್ನೆಲ್ಲ ತೆಗೆದು, ಆ ಯಂತ್ರಕ್ಕೆ ತಕ್ಕಷ್ಟೇ ಒಂದು ಕರ್ನೆಲನ್ನು ಕಂಪೈಲ್ ಮಾಡಿ ಕೊಡುತ್ತೇನೆಂದು ಅವನು ಹುರುಪಿನಿಂದ ಕುಳಿತ.

ಮೊದಲ ದಿನ ಕಂಪೈಲಿನ ಕೆಲಸವೇ ಮುಗಿಯಲಿಲ್ಲ. ಅರ್ಧ ಗಂಟೆಯಾಗುವಷ್ಟರಲ್ಲಿ ‘ಸಿಗ್ನಲ್ 11’ ಎಂಬ ಸಂದೇಶ ತೋರಿಸಿ ಕಂಪೈಲರ್ ಕುಸಿಯುತ್ತಿತ್ತು. ಮತ್ತೆ ಆರಂಭಿಸಿದರೆ ಇನ್ನೊಂದು ಕಡೆ ಕುಸಿಯುತ್ತಿತ್ತು. “ಸರ್, ಎಂತ ಮಾಡಿದರೂ ಆಗುವುದಿಲ್ಲ, ಸೀಡಿಯೇ ಹಾಳಾಗಿರಬೇಕು” ಎಂದ. ನಾನು ಒಂದು ಕಾಗದದಲ್ಲಿ ಪ್ರತಿಸಲ ಅದು ಯಾವ ಕಡತದ ಹತ್ತಿರ ನಿಂತಿತೆಂದು ಬರೆದುಕೊಳ್ಳಲು ಹೇಳಿದೆ. ನಾಲ್ಕು ಸಲದ್ದು ನಾಲ್ಕು ಬೇರೆ ಬೇರೆ ಜಾಗ. ಆ ಕಾಗದವನ್ನು ಎರಡು ನಿಮಿಷ ನೋಡಿ ಹುಡುಗನ ಮುಖ ಅರಳಿತು. “ಬರಹದಲ್ಲಿ ತಪ್ಪಿದ್ದರೆ ಪ್ರತಿಸಲ ಒಂದೇ ಕಡೆ ಬೀಳಬೇಕಿತ್ತಲ್ಲ ಸರ್?” ಎಂದ. ನಿಜ. ಒಂದೇ ಕಡೆ ಮರುಕಳಿಸುವ ದೋಷವು ಬರಹದ್ದಿರಬಹುದು. ಅಂಕೆಯಿಲ್ಲದೆ ಜಾಗ ಬದಲಿಸುವ ದೋಷಕ್ಕೆ ಹೆಚ್ಚಾಗಿ ಯಂತ್ರಾಂಶವೇ ಕಾರಣ. ಕರ್ನೆಲಿನ ಕಂಪೈಲು ಸ್ಮೃತಿಯ ಮೂಲೆಮೂಲೆಯನ್ನೂ ದುಡಿಸಿಕೊಳ್ಳುವುದರಿಂದ, ದುರ್ಬಲವಾದ ಸ್ಮೃತಿಫಲಕವು ಬೇರೆಲ್ಲೂ ತೋರದ ರೋಗವನ್ನು ಅಲ್ಲಿ ತೋರಿಬಿಡುತ್ತದೆ. ಪೆಟ್ಟಿಗೆ ಬಿಚ್ಚಿದೆವು. ಕಡಲತಡಿಯ ತೇವಕ್ಕೆ ಫಲಕದ ಅಂಚಿನ ಹೊಂಬಣ್ಣದ ಪಟ್ಟಿಗಳು ಮಂಕಾಗಿದ್ದವು. ಮೇಷ್ಟರ ಮೇಜಿನಲ್ಲಿ ರಬ್ಬರಿಗೇನು ಬರವೇ? ಪೆನ್ಸಿಲಿನ ಗುರುತನ್ನು ಅಳಿಸುವಂತೆ ಅವುಗಳನ್ನು ಮೃದುವಾಗಿ ಉಜ್ಜಿ, ಮತ್ತೆ ಕೂರಿಸಿದ. ಆಮೇಲೆ ಕಂಪೈಲು ನಿರಾತಂಕವಾಗಿ ನಡೆಯಿತು. ಒಂದೂವರೆ ಗಂಟೆ ಹಿಡಿಯಿತು.

ಮರುದಿನ ಹೊಸ ಕರ್ನೆಲನ್ನು ಹಾಕಿ ಯಂತ್ರವನ್ನು ಎಬ್ಬಿಸಿದರೆ, ಪರದೆಯ ಮೇಲೆ ‘ಎಲ್’, ‘ಐ’ ಎಂಬ ಎರಡಕ್ಷರ ಮೂಡಿ ಎಲ್ಲವೂ ಸ್ತಬ್ಧ. ಆ ಕಾಲದ ಲಿನಕ್ಸಿನ ಬೂಟ್‌ಲೋಡರಿಗೆ ‘ಲಿಲೋ’ ಎಂದು ಹೆಸರು. ವೆರ್ನರ್ ಆಲ್ಮೆಸ್‌ಬರ್ಗರ್ 1992ರಲ್ಲಿ ಬರೆದದ್ದು. 446 ಬೈಟಿನ ಇಕ್ಕಟ್ಟಿನಲ್ಲಿ ದೋಷವನ್ನು ವಿವರಿಸುವ ವಾಕ್ಯಗಳಿಗೆ ಎಡೆಯೆಲ್ಲಿ? ಅದಕ್ಕಾಗಿ ಅವನು ಒಂದು ಜಾಣ್ಮೆ ಮಾಡಿದ್ದ. ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹಂತ ಹಂತವಾಗಿ ಪರದೆಗೆ ಬಿಡುವಂತೆ ಮಾಡಿದ್ದ. ಏನೂ ಮೂಡದಿದ್ದರೆ ಲಿಲೋ ಎಚ್ಚರಗೊಂಡೇ ಇಲ್ಲ. ‘ಎಲ್’ ಒಂದೇ ಇದ್ದರೆ ಮೊದಲ ಹಂತ ಎದ್ದಿದೆ, ಎರಡನೆಯದನ್ನು ತರಲಾಗಲಿಲ್ಲ. ‘ಎಲ್ ಐ’ ಎಂದರೆ ಎರಡನೆಯ ಹಂತವನ್ನು ತಂದರೂ ಅದು ನಡೆಯಲಿಲ್ಲ. ಮೂರನೆಯ ಅಕ್ಷರವೂ ಬಂದು ನಿಂತರೆ, ಕರ್ನೆಲ್ ಎಲ್ಲಿದೆಯೆಂದು ತಿಳಿಸುವ ನಕಾಶೆಯಲ್ಲಿ ತೊಂದರೆ. ನಾಲ್ಕೂ ಬಂದರೆ ಲೋಡರಿನ ಪಾಲಿನ ಕೆಲಸ ಸರಿಯಾಗಿದೆ. ನೈದಾನಿಕ ಪರೀಕ್ಷೆಗೆ ಇದಕ್ಕಿಂತ ಸಂಕ್ಷಿಪ್ತವಾದ ಉದಾಹರಣೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಲಿಲೋ ಕಡತಗಳನ್ನು ಹೆಸರಿನಿಂದ ಗುರುತಿಸುತ್ತಿರಲಿಲ್ಲ. ಡಿಸ್ಕಿನಲ್ಲಿ ಅವು ಇರುವ ಜಾಗದ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುತ್ತಿತ್ತು. ಆದ್ದರಿಂದ ಬೂಟಿಗೆ ಸಂಬಂಧಿಸಿದ ಕಡತಗಳನ್ನು ಬದಲಿಸಿದ ಮೇಲೆ ಲಿಲೋವನ್ನು ಮತ್ತೊಮ್ಮೆ ಓಡಿಸಿ, ನಕಾಶೆಯನ್ನು ತಿದ್ದಬೇಕಾಗಿತ್ತು. ಮನೆ ಬದಲಿಸಿದವನು ಅಂಚೆಯವನಿಗೆ ಹೊಸ ವಿಳಾಸ ತಿಳಿಸದಿದ್ದರೆ ಕಾಗದ ತಲುಪೀತೇ? ಇನ್ನೊಂದು ತೊಡಕೂ ಇತ್ತು. ಹಳೆಯ ಬಯಾಸುಗಳು ಡಿಸ್ಕಿನ ಮೊದಲ 1024 ಸಿಲಿಂಡರುಗಳಾಚೆ ಓದಲಾರವು. ಕರ್ನೆಲ್ ಆ ಗೆರೆಯ ಆಚೆ ಹೋಗಿ ಕುಳಿತರೆ ನಿನ್ನೆ ಎದ್ದ ಯಂತ್ರ ಇಂದು ಏಳುತ್ತಿರಲಿಲ್ಲ. ಬಲ್ಲವರು ಡಿಸ್ಕಿನ ಆರಂಭದಲ್ಲಿಯೇ ಬೂಟಿಗಾಗಿ ಸಣ್ಣದೊಂದು ಭಾಗವನ್ನು ಮೀಸಲಿಡುತ್ತಿದ್ದದ್ದು ಇದಕ್ಕಾಗಿಯೇ. ನಮ್ಮ ಹುಡುಗ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಲಿಲೋವನ್ನು ಮತ್ತೆ ಓಡಿಸಿದ. ನಾಲ್ಕಕ್ಷರವೂ ಮೂಡಿದವು. ಕರ್ನೆಲ್ ಬಿಚ್ಚಿಕೊಂಡಿತು, ಸಾಲು ಸಾಲಾಗಿ ಸಂದೇಶಗಳು ಹರಿದವು, ಕೊನೆಗೆ ‘ಕರ್ನೆಲ್ ಪ್ಯಾನಿಕ್’ ಎಂದು ನಿಂತುಬಿಟ್ಟಿತು. ಮೂಲ ಕಡತವ್ಯವಸ್ಥೆಯನ್ನು ತೆರೆಯಲಾಗಲಿಲ್ಲವೆಂಬುದು ಅದರ ದೂರು.

ತಾನೇ ಕರ್ನೆಲ್ ಕಟ್ಟಿಕೊಂಡವರಲ್ಲಿ ಈ ದೂರನ್ನು ಕಾಣದವರು ವಿರಳ. ಕರ್ನೆಲ್ ಕಟ್ಟುವ ಮುನ್ನ ನೂರಾರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಈ ಸೌಲಭ್ಯ ಬೇಕೆ? ‘ವೈ’ ಎಂದರೆ ಕರ್ನೆಲಿನ ಒಡಲಲ್ಲೇ ಸೇರಲಿ. ‘ಎಂ’ ಎಂದರೆ ಬಿಡಿಭಾಗವಾಗಿ ಡಿಸ್ಕಿನಲ್ಲಿರಲಿ, ಬೇಕಾದಾಗ ತರೋಣ. ‘ಎನ್’ ಎಂದರೆ ಬೇಡ. ಡಿಸ್ಕಿನ ಕಡತಗಳನ್ನು ಓದುವ ವಿದ್ಯೆಗೇ ‘ಎಂ’ ಎಂದು ಉತ್ತರವಿತ್ತರೆ ಏನಾಗುತ್ತದೆ? ಡಿಸ್ಕನ್ನು ಓದಲು ಬೇಕಾದ ಬಿಡಿಭಾಗ ಡಿಸ್ಕಿನಲ್ಲಿದೆ. ಅದನ್ನು ತರಬೇಕಾದರೆ ಡಿಸ್ಕನ್ನು ಓದಬೇಕು. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತೆ! ಮತ್ತೆ ಅದೇ ಹೆಪ್ಪಿನ ಪ್ರಶ್ನೆ. ಇದಕ್ಕೆ ಪರಿಹಾರ ಎರಡು. ಅದನ್ನು ಒಡಲಿಗೇ ಸೇರಿಸುವುದು. ಇಲ್ಲವೇ, ಬೇಕಾದ ಕೀಲಿಕೈಗಳನ್ನು ತುಂಬಿದ ಸಣ್ಣ ತಾತ್ಕಾಲಿಕ ಕಡತವ್ಯವಸ್ಥೆಯೊಂದನ್ನು ಲೋಡರಿನ ಮೂಲಕ ಕರ್ನೆಲಿನ ಜೊತೆಗೇ ಸ್ಮೃತಿಗೆ ತರುವುದು. ಈ ಎರಡನೆಯದು ‘ಇನಿಟ್‌ಆರ್‌ಡಿ’ ಎಂದು ಹೆಸರಾದ ಉಪಾಯ. ನಮ್ಮ ಹುಡುಗ ಒಂದಕ್ಷರ ತಿದ್ದಿ, ಮತ್ತೊಮ್ಮೆ ಕಂಪೈಲ್ ಮಾಡಿದ. ಸಂಜೆ ಐದರ ಹೊತ್ತಿಗೆ ಯಂತ್ರವು ಹೆಸರು ಕೇಳಿತು. ಹೊರಗೆ ಜಡಿಮಳೆ, ಒಳಗೆ ಒಂಬತ್ತನೆಯ ತರಗತಿಯ ಹತ್ತು ಹದಿನೈದು ಮಕ್ಕಳ ಚಪ್ಪಾಳೆ.

ಆ ಎರಡು ದಿನಗಳಲ್ಲಿ ಆ ಮಕ್ಕಳು ಕಲಿತದ್ದೇನು? ಹಳೆಯ ಕರ್ನೆಲನ್ನು ಅಳಿಸದೆ ಹೊಸದನ್ನು ಅದರ ಪಕ್ಕದಲ್ಲಿಡಬೇಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು. ಪರದೆಯ ಕೊನೆಯ ಸಾಲನ್ನು ಮಾತ್ರವಲ್ಲ, ಅದರ ಮೇಲಿನ ಸಾಲುಗಳನ್ನೂ ಓದಬೇಕು. ಕಾರಣ ಹೆಚ್ಚಾಗಿ ಅಲ್ಲಿರುತ್ತದೆ. ಕೊನೆಯದಾಗಿ, ಯಾವುದು ಸರಿಯಾಗಿದೆಯೆಂದು ಮೊದಲು ತಿಳಿದರೆ ಯಾವುದು ತಪ್ಪಿದೆಯೆಂಬುದು ತಾನಾಗಿ ಕಿರಿದಾಗುತ್ತದೆ. ಇವು ಗಣಕಶಾಸ್ತ್ರದ ಗುಟ್ಟುಗಳಲ್ಲ, ವಿಜ್ಞಾನದ ಅಡಿಪಾಯ. ಬೀಜಗಣಿತದ ಲೆಕ್ಕ ತಪ್ಪಿದ ಮಗುವಿಗೆ ‘ತಪ್ಪು’ ಎಂದು ಕೆಂಪು ಗೆರೆ ಎಳೆಯುವ ಬದಲು, ‘ಮೂರನೆಯ ಸಾಲಿನವರೆಗೆ ಸರಿಯಿದೆ’ ಎಂದು ಹೇಳಿದರೆ ಆ ಮಗು ತಾನೇ ನಾಲ್ಕನೆಯ ಸಾಲನ್ನು ತಿದ್ದಿಕೊಳ್ಳುತ್ತದೆ.

ಇಲ್ಲಿ ಕನ್ನಡದ ಮಾತನ್ನೂ ಹೇಳಬೇಕು. ಗಣಕಯಂತ್ರದೊಳಗೆ ಕನ್ನಡಕ್ಕೆ ದಾರಿ ಮಾಡಿದವರಲ್ಲಿ ಪ್ರಮುಖರು ನಮ್ಮ ಮಂಗಳೂರಿನ ಮಗ್ಗುಲಿನ ಕಿನ್ನಿಕಂಬಳದವರು, ನಾಡೋಜ ಕೆ. ಪಿ. ರಾವ್. 1940ರಲ್ಲಿ ಜನಿಸಿದ ಅವರು, ಇಂಗ್ಲಿಷ್ ಕೀಲಿಮಣೆಯ ಕೀಲಿಗಳಿಂದಲೇ, ಉಚ್ಚಾರಣೆಯ ಕ್ರಮವನ್ನನುಸರಿಸಿ, ಕನ್ನಡವನ್ನು ಬರೆಯುವ ವಿನ್ಯಾಸವನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಸ್ಮರಣೆ ಅದು. ರಾವ್ ಅವರ ವಿನ್ಯಾಸವೇ ಕರ್ನಾಟಕ ಸರಕಾರವು ಒಪ್ಪಿದ ಕೀಲಿಮಣೆಗೆ ಆಧಾರವಾಯಿತು. ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲೂ ಇದೆ. ಅದನ್ನು ಪಡೆಯಲು ಯಾರ ಅನುಮತಿಯೂ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಕೆಲವು ಸಾವಿರ ಜನ ಮಾತ್ರ ಬಳಸುವ ಭಾಷೆಯವರು ಕೂಡ ಮೂಲಸಂಕೇತ ತೆರೆದಿದ್ದರೆ ತಮ್ಮ ಅಕ್ಷರಗಳನ್ನು ತಾವೇ ಸೇರಿಸಿ, ವ್ಯವಸ್ಥೆಯನ್ನು ಮತ್ತೆ ಕಟ್ಟಿಕೊಳ್ಳಬಲ್ಲರು. ಮುಚ್ಚಿದ ವ್ಯವಸ್ಥೆಯಲ್ಲಿ ಕಂಪನಿಯ ಕೃಪೆಗಾಗಿ ಕಾಯಬೇಕು.

ಹಾಗಾದರೆ ನಮ್ಮ ಶಾಲೆಗಳಲ್ಲಿ ಏನಾಯಿತು? ನಾನು ಕಂಡ ಹಲವು ಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಯೆಂದರೆ ಬೀಗ ಹಾಕಿದ ಕೊಠಡಿ. ಯಂತ್ರ ಏಳದಿದ್ದರೆ ‘ಮುಟ್ಟಬೇಡಿ, ಕಂಪನಿಯವರು ಬರುತ್ತಾರೆ’ ಎಂಬ ಅಪ್ಪಣೆ. ಗುತ್ತಿಗೆ ಮುಗಿದ ಮೇಲೆ ಅವರು ಬರುತ್ತಿರಲಿಲ್ಲ. ಒಂದು ಫಲಕವನ್ನು ರಬ್ಬರಿನಿಂದ ಉಜ್ಜಿದ್ದರೆ ಏಳಬಹುದಾಗಿದ್ದ ಯಂತ್ರಗಳು ಗುಜರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಲಪಾಡಿಯ ಆಚೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬೇರೊಂದು ಚಿತ್ರ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ಆ ದಶಕದಲ್ಲಿಯೇ ಶಾಲೆಗಳನ್ನು ಸ್ವತಂತ್ರ ತಂತ್ರಾಂಶದ ಕಡೆಗೆ ತಿರುಗಿಸಿ, ಶಾಲೆಗಳಿಗೆಂದೇ ಹೊಂದಿಸಿದ ಲಿನಕ್ಸನ್ನು ಕೊಟ್ಟಿತು. ಅದನ್ನು ಎಷ್ಟು ಯಂತ್ರಗಳಿಗೆ ಬೇಕಾದರೂ ಶಿಕ್ಷಕರೇ ಸ್ಥಾಪಿಸಬಹುದಾಗಿತ್ತು. 2017ರಲ್ಲಿ ಆ ಯೋಜನೆಯು ‘ಕೈಟ್’ ಎಂಬ ಸಂಸ್ಥೆಯಾಯಿತು. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳು ಹುಟ್ಟಿದವು. ಕರ್ನಾಟಕದಲ್ಲಿಯೂ 2011ರ ಬಳಿಕ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ‘ಉಬುಂಟು’ವನ್ನು ಬಳಸಲು ಕಲಿತರು. ಅದು ಒಳ್ಳೆಯ ಹೆಜ್ಜೆ. ಆದರೆ ಬಳಸಲು ಕಲಿಯುವುದು ಬೇರೆ, ಏಳದಾಗ ಎಬ್ಬಿಸಲು ಕಲಿಯುವುದು ಬೇರೆ.

ತಾನೇ ಕಟ್ಟಿಕೊಂಡದ್ದೆಲ್ಲ ಪೂರ್ತಿ ತನ್ನದೇ ಆಗುತ್ತದೆಯೇ ಎಂಬ ಸಂದೇಹವೂ ಹಳೆಯದೇ. ಯುನಿಕ್ಸ್ ವ್ಯವಸ್ಥೆಯ ಕರ್ತೃಗಳಲ್ಲೊಬ್ಬನಾದ ಕೆನ್ ಥಾಮ್ಸನ್, ಟ್ಯೂರಿಂಗ್ ಪ್ರಶಸ್ತಿಯ ಸಂದರ್ಭದ ಉಪನ್ಯಾಸದಲ್ಲಿ (1984ರಲ್ಲಿ ಪ್ರಕಟ) ಇದನ್ನು ಎತ್ತಿದ. ಕಂಪೈಲರಿನೊಳಗೆ ಒಂದು ಕಳ್ಳಬಾಗಿಲನ್ನು ಬಚ್ಚಿಟ್ಟರೆ, ಆ ಕಂಪೈಲರ್ ತನ್ನ ಮುಂದಿನ ಪೀಳಿಗೆಯನ್ನು ಕಟ್ಟುವಾಗ ಅದನ್ನು ಗುಟ್ಟಾಗಿ ದಾಟಿಸಬಲ್ಲದು. ಮೂಲಸಂಕೇತವನ್ನು ಎಷ್ಟು ಓದಿದರೂ ಕುರುಹು ಸಿಗದು. ಹೆಪ್ಪು ಕೆಟ್ಟದ್ದಾದರೆ ಹಾಲು ಎಷ್ಟು ಶುದ್ಧವಾಗಿದ್ದರೇನು? ಸುಮಾರು ನಾಲ್ಕು ದಶಕಗಳ ನಂತರ, 2023ರಲ್ಲಿ, ‘ಗೀಕ್ಸ್’ ಎಂಬ ಸ್ವತಂತ್ರ ವ್ಯವಸ್ಥೆಯ ಕರ್ತೃಗಳು ತಮ್ಮ ಇಡೀ ಕಟ್ಟಡವನ್ನು ಕೇವಲ 357 ಬೈಟಿನ ಒಂದು ಬೀಜದಿಂದ ಮೇಲಕ್ಕೆ ಕಟ್ಟಿ ತೋರಿಸಿದರು. ಒಬ್ಬ ಮನುಷ್ಯ ಕುಳಿತು ಬೈಟುಬೈಟಾಗಿ ಓದಿ ಅರ್ಥ ಮಾಡಿಕೊಳ್ಳಬಹುದಾದಷ್ಟು ಸಣ್ಣ ಬೀಜ ಅದು. ಸ್ವಿಚ್ಚು ಒತ್ತಿ ಒಂದೊಂದೇ ಬೈಟು ತುಂಬುತ್ತಿದ್ದ ಆಲ್ಟೇರಿನ ಒಡೆಯನಿಗಿದ್ದ ಅರಿವು ಹೀಗೆ ಸುತ್ತಿಬಳಸಿ ಮತ್ತೆ ದಕ್ಕಿತು.

ಆದರೆ ಸಾಮಾನ್ಯರ ಯಂತ್ರಗಳು ಹೋದ ದಾರಿ ಬೇರೆ. ಬಯಾಸಿನ ಜಾಗಕ್ಕೆ ‘ಯುಇಎಫ್‌ಐ’ ಬಂತು. 2012ರಲ್ಲಿ ವಿಂಡೋಸ್ 8ರೊಂದಿಗೆ ‘ಸೆಕ್ಯೂರ್ ಬೂಟ್’ ಎಂಬ ಕಾವಲು ಬಳಕೆಗೆ ಬಂತು. ಒಪ್ಪಿತ ರುಜುವಿಲ್ಲದ ಯಾವುದನ್ನೂ ಅದು ಏಳಗೊಡದು. ಇದಕ್ಕೆ ಸಕಾರಣವಿಲ್ಲದಿಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಎಂಬ ವೈರಸ್ಸು ಅಡಗಿದ್ದದ್ದೇ ಫ್ಲಾಪಿಯ ಬೂಟ್ ತುಣುಕಿನಲ್ಲಿ. ಮೊದಲ ಹೆಪ್ಪನ್ನು ಕಾಯಬೇಕಾದುದು ಅವಶ್ಯವೇ. ಪ್ರಶ್ನೆ ಇರುವುದು ಕಾವಲುಗಾರ ಯಾರ ಆಳು ಎಂಬುದರಲ್ಲಿ. ಹೆಚ್ಚಿನ ಮೇಜುಗಣಕಗಳಲ್ಲಿ ಒಡೆಯನು ಆ ಕಾವಲನ್ನು ತೆಗೆಯಬಹುದು ಅಥವಾ ತನ್ನ ರುಜುವನ್ನು ಸೇರಿಸಬಹುದು. ನಮ್ಮ ಮಕ್ಕಳ ಕೈಯಲ್ಲಿರುವ ಅನೇಕ ಮೊಬೈಲುಗಳಲ್ಲಿ ಅದಕ್ಕೂ ಅವಕಾಶವಿಲ್ಲ. ಹಣ ಕೊಟ್ಟು ಕೊಂಡವನು ಬಾಡಿಗೆದಾರ. ಕೀಲಿಕೈ ಬೇರೆಯವರ ಸೊಂಟದಲ್ಲಿ.

ಎಲ್ಲರೂ ಕರ್ನೆಲ್ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಮೊಸರು ಹಾಕಬೇಕೆಂದೂ ಇಲ್ಲ, ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ. ಆದರೆ ಊರಿನಲ್ಲಿ ಒಂದಿಬ್ಬರಿಗಾದರೂ ಹೆಪ್ಪಿನ ವಿದ್ಯೆ ತಿಳಿದಿರಬೇಕು. ಲಿಲೋದ ಅಭಿವೃದ್ಧಿ 2015ರ ಕೊನೆಗೆ ನಿಂತುಹೋಗಿದೆ. 1024 ಸಿಲಿಂಡರಿನ ಗೆರೆ ಇಂದು ಯಾರಿಗೂ ಅಡ್ಡಿಯಲ್ಲ. ಆ ಜ್ಞಾನ ಹಳತಾಯಿತು, ಆದರೆ ಅದರ ಹಿಂದಿದ್ದ ಕ್ರಮ ಹಳತಾಗಲಿಲ್ಲ. ಶಾಲೆಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ ಇದೆ. ಹೊಸ ಯಂತ್ರಗಳಿಗೆ ಬೇಕಾದರೆ ಬೀಗ ಹಾಕಿಕೊಳ್ಳಿ. ಹಳೆಯದೊಂದನ್ನು ಮಾತ್ರ ಗುಜರಿಗೆ ಕೊಡದೆ ಮಕ್ಕಳಿಗೆ ಬಿಡಿ. ಬಿಚ್ಚಲಿ, ಕಟ್ಟಲಿ, ಕೆಡಿಸಲಿ. ಅದು ಏಳದಿದ್ದ ದಿನವೇ ನಿಜವಾದ ಪಾಠದ ದಿನ. ಆ ದಿನ ಪಕ್ಕದಲ್ಲಿ ಒಬ್ಬ ಮೇಷ್ಟರು, ಅವರ ಕೈಯಲ್ಲಿ ಒಂದು ಬಿಳಿ ಕಾಗದ ಮತ್ತು ಪೆನ್ಸಿಲು ಇದ್ದರೆ ಸಾಕು. ‘ಎಲ್ಲಿಯವರೆಗೆ ಬಂತು?’ ಎಂದು ಅವರು ಕೇಳಿದರೆ ಉಳಿದದ್ದನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ.